ಕುವೆಂಪು ಬಗ್ಗೆ ಹಾಗನ್ನಬಹುದಾ?

ಕರ್ನಾಟಕದ ಹೊರಗೆ ಬಂದ ಮೇಲೆ ಪುಸ್ತಕದ ಬಗ್ಗೆ ಮಾತಾಡುವ ಇನ್ನೊಂದು ರೀತಿ ಕಂಡೆ. ನಮ್ಮಲ್ಲಿ 'ಕಾರಂತರನ್ನು ಓದಿದ್ದೀರಾ, ಭೈರಪ್ಪನವರನ್ನು ಓದಿದ್ದೀರಾ' ಅಂತ ಕೇಳುತ್ತೇವೆ. ಲೇಖಕರು ಮೊದಲು, ಪುಸ್ತಕ ಆಮೇಲೆ. ಇಲ್ಲಿ ನಾನು ಹೋಗುವ ಓದುಗರ ಗುಂಪಿನಲ್ಲಿ ಬರೆದವರ ಹೆಸರು ಬರುವುದೇ ಕಡಿಮೆ. 'ನಡುವೆ ಬೇಜಾರಾಯ್ತು' ಅಂತ ನೇರವಾಗಿ ಹೇಳುತ್ತಾರೆ, ಯಾರೂ ಮುನಿಸಿಕೊಳ್ಳುವುದಿಲ್ಲ. ನನಗೆ ಈ ರೀತಿಯೇ ಜಾಸ್ತಿ ಹಿಡಿಸಿದೆ. ಈಚೆಗೆ ಕನ್ನಡ ಪುಸ್ತಕಗಳನ್ನೂ ಹಾಗೇ ಓದುತ್ತಿದ್ದೇನೆ.

1967ರಲ್ಲಿ ಬಂದ ಕುವೆಂಪು ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಶುರುವಿನಲ್ಲಿ ಕಷ್ಟ. ಅಷ್ಟೊಂದು ಹೆಸರು, ಮನೆ, ಸಂಬಂಧ ತಲೆಯಲ್ಲಿ ನಿಲ್ಲುವುದಿಲ್ಲ. ಹೀಗಂದರೆ ನಮ್ಮವರು 'ಕುವೆಂಪು ಬಗ್ಗೆ ಹಾಗನ್ನಬಹುದಾ?' ಅನ್ನುತ್ತಾರೆ. ಯಾಕೆ ಅನ್ನಬಾರದು? ಕಷ್ಟ ಅಂತ ಒಪ್ಪಿಕೊಂಡ ಮೇಲೆ ತಾನೇ ಅದು ಯಾಕೆ ಹಾಗಿದೆ ಅಂತ ಹೊಳೆಯುವುದು? ಅಲ್ಲಿ ನಾಯಕ ಅಂತ ಒಬ್ಬನಿಲ್ಲ. ಜೀತದಾಳು ನಾಯಿಗುತ್ತಿಗೂ ಅವನ ನಾಯಿ ಹುಲಿಯನಿಗೂ ಗೌಡರಷ್ಟೇ ಜಾಗವಿದೆ. ಇಷ್ಟು ಜನರನ್ನು ಒಟ್ಟಿಗೆ ಕರೆದುಕೊಂಡು ಹೋಗಲು ಆ ನಿಧಾನ ಬೇಕೇ ಬೇಕು. ಕೊನೆಗೆ ತುಂಬಿದ ಹೊಳೆ ಹುಲಿಯನನ್ನು ಎಳೆದುಕೊಂಡು ಹೋದಾಗ ಸಂಕಟ ತಡೆಯಲಾಗಲಿಲ್ಲ.

ತೇಜಸ್ವಿಯವರ 'ಕರ್ವಾಲೊ' ಇದಕ್ಕೆ ಪೂರ್ತಿ ಉಲ್ಟಾ. ಕೂತಲ್ಲೇ ಮುಗಿಯುತ್ತದೆ. ಅದರಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವ ಹಾರುವ ಓತಿಗಿಂತ ನನಗೆ ಇಷ್ಟವಾದದ್ದು ಮಂದಣ್ಣ. ಅಂಥ ಹಳ್ಳಿ ಹುಡುಗನ ಕಣ್ಣನ್ನು ಒಬ್ಬ ವಿಜ್ಞಾನಿ ನಂಬುತ್ತಾನಲ್ಲ, ಅದು.

ಸಿಟ್ಟು ಬರುವುದು ತ್ರಿವೇಣಿಯವರ ವಿಷಯದಲ್ಲಿ. 'ಶರಪಂಜರ'ವನ್ನು ಹೆಂಗಸರ ಕಾದಂಬರಿ ಅಂತ ಪಕ್ಕಕ್ಕಿಟ್ಟ ಎಷ್ಟೋ ಜನರನ್ನು ನೋಡಿದ್ದೇನೆ. ಓದಿದ್ದರೆ ಹಾಗೆ ಇಡಲು ಆಗುತ್ತಿರಲಿಲ್ಲ. ಕಾವೇರಿ ಮಾನಸಿಕ ಆಸ್ಪತ್ರೆಯಿಂದ ವಾಸಿಯಾಗಿ ಮನೆಗೆ ಬರುತ್ತಾಳೆ. ಆಮೇಲೆ ಅವಳು ಏನು ಮಾಡಿದರೂ ಅನುಮಾನ. ಕಾಯಿಲೆ ಬಿಟ್ಟರೂ ಸುತ್ತಲಿನವರು ಬಿಡುವುದಿಲ್ಲ. ಗಂಡನೂ ಅವಳ ಜೊತೆ ನಿಲ್ಲುವುದಿಲ್ಲ. 1963ರಲ್ಲೇ ತೀರಿಕೊಂಡ ಲೇಖಕಿ ಇದನ್ನು ಎಷ್ಟು ಸ್ಪಷ್ಟವಾಗಿ ಕಂಡಿದ್ದಾರೆ! ಮನಸ್ಸಿನ ಕಾಯಿಲೆಯ ಬಗ್ಗೆ ಇವತ್ತಿಗೂ ನಾವು ಪಿಸುಮಾತಿನಲ್ಲೇ ಮಾತಾಡುತ್ತೇವೆ, ಅಲ್ವಾ?

ಈ ಕತೆಯನ್ನು ಇಲ್ಲಿಯ ಗುಂಪಿನಲ್ಲಿ ಹೇಳಿದೆ. ತ್ರಿವೇಣಿ ದೊಡ್ಡ ಲೇಖಕಿಯಾ, ಯಾವ ಪ್ರಶಸ್ತಿ ಬಂದಿತ್ತು ಅಂತ ಒಬ್ಬರೂ ಕೇಳಲಿಲ್ಲ. 'ಗಂಡನನ್ನು ಯಾರೂ ಏನೂ ಕೇಳಲಿಲ್ವಾ?' ಅಂದರು. ಆಮೇಲೆ ಮಾತೆಲ್ಲ ಅದರ ಮೇಲೇ ನಡೆಯಿತು. ಮುಂದಿನ ಸಲ ನಮ್ಮವರ ಜೊತೆ ಕೂತಾಗಲೂ ಇದೇ ಪ್ರಶ್ನೆಯಿಂದ ಶುರು ಮಾಡಬೇಕು ಅಂತಿದ್ದೇನೆ.