ಅಂಗಡಿಯ ಸಾಲ, ರಾಜ್ಯದ ಸಾಲ

ಕಿರಾಣಿ ಅಂಗಡಿಯ ಗಲ್ಲಾದ ಪಕ್ಕದಲ್ಲಿ ಕೂತು ಬೆಳೆದವನು ನಾನು. ಅಬ್ರಹಾಂ ಲಿಂಕನ್ ಎಂದಾಗ ನನ್ನ ಮನಸ್ಸಿಗೆ ಮೊದಲು ಬರುವವನು ಅಮೆರಿಕದ ಅಧ್ಯಕ್ಷನಲ್ಲ. ಇಲಿನಾಯ್ ರಾಜ್ಯದ ನ್ಯೂ ಸೇಲಂ ಎಂಬ ಪುಟ್ಟ ಊರಿನಲ್ಲಿ ಅಂಗಡಿ ಇಟ್ಟು, ಕೈಸುಟ್ಟುಕೊಂಡು, ಆ ಸಾಲವನ್ನು ಹೊತ್ತೇ ಶಾಸಕನಾದ ಇಪ್ಪತ್ತೈದರ ತರುಣ.

1832ರಲ್ಲಿ ಮೊದಲ ಸಲ ರಾಜ್ಯದ ಶಾಸನಸಭೆಗೆ ನಿಂತಾಗ ಅವನು ಹದಿಮೂರು ಅಭ್ಯರ್ಥಿಗಳಲ್ಲಿ ಎಂಟನೆಯವನಾಗಿ ಸೋತ. ಆದರೆ ದಿನವೂ ಅವನ ಮುಖ ನೋಡುತ್ತಿದ್ದ ಸ್ವಂತ ಊರಿನ ಮತಗಟ್ಟೆಯಲ್ಲಿ 300 ಮತಗಳ ಪೈಕಿ 277 ಅವನಿಗೇ ಬಿದ್ದಿದ್ದವು. ಅನಂತರ ವಿಲಿಯಂ ಬೆರ್ರಿ ಎಂಬವನ ಪಾಲುದಾರಿಕೆಯಲ್ಲಿ, ಹೆಚ್ಚಾಗಿ ಸಾಲಪತ್ರಗಳ ಮೇಲೆಯೇ ಸರಕು ಕೊಂಡು ತೆರೆದ ಅಂಗಡಿ ಬೇಗನೆ ಮುಚ್ಚಿತು. 1835ರ ಆರಂಭದಲ್ಲಿ ಬೆರ್ರಿ ತೀರಿಕೊಂಡಾಗ ಅವನ ಪಾಲೂ ಸೇರಿ ಸುಮಾರು 1,100 ಡಾಲರ್ ಸಾಲ ಲಿಂಕನ್ನನ ತಲೆಯ ಮೇಲೆ ಬಂತು. ಶಾಸಕರಿಗೆ ಆಗ ಸಿಗುತ್ತಿದ್ದ ಭತ್ಯೆ ದಿನಕ್ಕೆ 3 ಡಾಲರ್. ಊರು ಬಿಟ್ಟು ಹೋಗಿದ್ದರೆ ಹುಡುಕಿಕೊಂಡು ಬರುವವರು ಕಡಿಮೆ. ಆ ಕಾಲದಲ್ಲಿ ಹಾಗೆ ಹೋದವರೂ ಇದ್ದರು. ಅವನು ಹೋಗಲಿಲ್ಲ.

1834ರಲ್ಲಿ ಗೆದ್ದಾಗ ರಾಜ್ಯದ ಆಗಿನ ರಾಜಧಾನಿ ವಂಡಾಲಿಯಾಕ್ಕೆ ಹೋಗಲು ತಕ್ಕ ಬಟ್ಟೆಯೂ ಇರಲಿಲ್ಲ. ಪರಿಚಯದ ರೈತನೊಬ್ಬನಿಂದ 200 ಡಾಲರ್ ಕೈಗಡ ಪಡೆದು ಹೊಸ ಸೂಟು ಹೊಲಿಸಿಕೊಂಡ. ಅದೇ ದಿನಗಳಲ್ಲಿ ಸಾಲ ಕೊಟ್ಟವನೊಬ್ಬ ನ್ಯಾಯಾಲಯಕ್ಕೆ ಹೋದದ್ದರಿಂದ, ಹೊಟ್ಟೆಪಾಡಿಗೆ ಜಮೀನು ಅಳೆಯುತ್ತಿದ್ದ ಅವನ ದಿಕ್ಸೂಚಿ, ಸರಪಳಿ, ಕುದುರೆ, ಜೀನು ಎಲ್ಲವೂ ಹರಾಜಿಗೆ ಬಂದವು. ಜೇಮ್ಸ್ ಶಾರ್ಟ್ ಎಂಬ ನೆರೆಯವನು 120 ಡಾಲರಿಗೆ ಕೂಗಿ, ಅಷ್ಟನ್ನೂ ತಂದು ಅವನ ಕೈಗೇ ಒಪ್ಪಿಸಿದ. ಚುನಾಯಿತ ಪ್ರತಿನಿಧಿಯ ಸರಂಜಾಮು ಊರವರ ಕಣ್ಣೆದುರಿಗೆ ಹರಾಜಾದ ಆ ಗಳಿಗೆಯನ್ನು ನೆನೆದಾಗಲೆಲ್ಲ, ನಾಮಪತ್ರದಿಂದ ನಾಮಪತ್ರಕ್ಕೆ ಆಸ್ತಿ ಬೆಳೆಯುವುದನ್ನು ಸಹಜವೆಂದು ಒಪ್ಪಿಕೊಂಡುಬಿಟ್ಟಿರುವ ನಮ್ಮ ಬಗ್ಗೆ ನನಗೆ ಸಂಕಟವಾಗುತ್ತದೆ.

ಹಾಗೆಂದು ಶಾಸಕ ಲಿಂಕನ್ನನನ್ನು ಕಣ್ಣುಮುಚ್ಚಿ ಹೊಗಳಲು ನಾನು ಸಿದ್ಧನಿಲ್ಲ. 1837ರಲ್ಲಿ ರೈಲು, ಕಾಲುವೆ, ನದಿಮಾರ್ಗಗಳಿಗಾಗಿ ಸುಮಾರು ಒಂದು ಕೋಟಿ ಡಾಲರಿನ ಯೋಜನೆಗೆ ಇಲಿನಾಯ್ ಶಾಸನಸಭೆ ಒಪ್ಪಿಗೆ ಕೊಟ್ಟಾಗ, ಅದರ ಪರವಾಗಿ ಗಟ್ಟಿಯಾಗಿ ನಿಂತವರಲ್ಲಿ ಅವನೂ ಒಬ್ಬ. ಅದೇ ವರ್ಷ ದೇಶದ ಬ್ಯಾಂಕುಗಳು ಕುಸಿದವು, ಕೆಲಸಗಳು ಅರ್ಧಕ್ಕೆ ನಿಂತವು, ಕೆಲವೇ ವರ್ಷಗಳಲ್ಲಿ ರಾಜ್ಯಕ್ಕೆ ಬಡ್ಡಿ ಕಟ್ಟುವುದೂ ಆಗದಾಯಿತು. ಆದರೂ ಅವನು ಆ ಯೋಜನೆಯ ಕೈಬಿಡಲು ಬಹುಕಾಲ ಒಪ್ಪಲಿಲ್ಲ. ಅಂಗಡಿಯಲ್ಲಿ ಸಾಲ ಕೊಟ್ಟವನು ಎದುರಿಗೇ ಬಂದು ನಿಲ್ಲುತ್ತಾನೆ, ಅವನ ಕಷ್ಟಸುಖ ನಮಗೆ ಗೊತ್ತಿರುತ್ತದೆ. ಶಾಸನಸಭೆಯಲ್ಲಿ ಕೈಯೆತ್ತಿ ಮಾಡುವ ಸಾಲವನ್ನು ತೀರಿಸಬೇಕಾದವರು ಅಲ್ಲಿ ಇರುವುದೇ ಇಲ್ಲ. ಸ್ವಂತ ಲೆಕ್ಕದಲ್ಲಿ ಅಷ್ಟು ನಿಷ್ಠುರನಾಗಿದ್ದವನೂ ಇಲ್ಲಿ ಎಡವಿದ ಎಂಬುದನ್ನು, ಅವನ ಮೇಲಿನ ಗೌರವದಿಂದಲೇ ಹೇಳುತ್ತಿದ್ದೇನೆ.

ಅದೇ 1837ರ ಮಾರ್ಚಿನಲ್ಲಿ, ಗುಲಾಮಗಿರಿಯ ವಿರೋಧಿಗಳನ್ನು ಖಂಡಿಸಿದ ಸಭೆಯ ನಿರ್ಣಯಕ್ಕೆ ಎದುರಾಗಿ, ಗುಲಾಮಗಿರಿ ಅನ್ಯಾಯವೆಂದು ಬರೆದು ಸಹಶಾಸಕ ಡ್ಯಾನ್ ಸ್ಟೋನ್ ಜೊತೆ ಸಹಿ ಹಾಕಿದವನೂ ಅವನೇ. ಅವರಿಬ್ಬರ ಹೊರತು ಅದಕ್ಕೆ ಇನ್ನಾರೂ ಸಹಿ ಹಾಕಲಿಲ್ಲ.

ನಾಲ್ಕು ಅವಧಿ ಮುಗಿಸಿ 1842ರಲ್ಲಿ ಅವನು ಶಾಸನಸಭೆ ಬಿಟ್ಟ. ಅವನ ವಕೀಲಿ ವೃತ್ತಿಯ ಪಾಲುದಾರ ಹರ್ನ್‌ಡನ್ ಹೇಳಿರುವಂತೆ, 1848ರಲ್ಲಿ ಕಾಂಗ್ರೆಸ್ ಸದಸ್ಯನಾಗಿ ವಾಷಿಂಗ್ಟನ್ನಿನಲ್ಲಿದ್ದಾಗಲೂ ಸಂಬಳದಲ್ಲಿ ಉಳಿಸಿದ ಹಣವನ್ನು ಅವನು ಊರಿಗೆ ಕಳಿಸುತ್ತಿದ್ದ, ಆ ಹಳೆಯ ಅಂಗಡಿಯ ಬಾಕಿಗೆ ಜಮಾ ಮಾಡಲು.