ಎಕ್ಸ್‌ರೇ ಬಡಿದ ಫಿಲ್ಮಿಗೆ ‘ವಿಂಟೇಜ್’ ಅಂತ ನಾಮಕರಣ

ಬೆಳಿಗ್ಗೆ ಕಾಫಿ ಜತೆ ಫೋನ್ ತೆಗೆದಿದ್ದೇ ತಪ್ಪಾಯ್ತು. ಇಸ್ತಾಂಬುಲ್‌ಗೆ ಹೋಗಿ ಬಂದ ಹುಡುಗನೊಬ್ಬ ಫಿಲ್ಮ್ ಕ್ಯಾಮೆರಾದಲ್ಲಿ ತೆಗೆದ ಬೀದಿ ಫೋಟೋಗಳನ್ನ ಹಾಕಿದ್ದಾನೆ. ಗಲಾಟಾ ಸೇತುವೆ, ಕಂಬಿಗೆ ಒರಗಿ ಗಾಳ ಹಾಕಿ ನಿಂತ ಜನ, ಸಿಮಿತ್ (ಎಳ್ಳು ಹಚ್ಚಿದ ಬಳೆಯಂಥ ಬ್ರೆಡ್ಡು) ಮಾರೋ ಗಾಡಿ, ಆಚೆ ದಡದ ಕಡಿಕೊಯ್ ಕಡೆ ಹೊರಟ ಫೆರ್ರಿ. ಕಪ್ಪಗಿರಬೇಕಾದ ಕಡೆಯೆಲ್ಲ ಬೂದಿ ಬಣ್ಣ, ಅಲೆ ಅಲೆಯಾಗಿ ಪಟ್ಟೆ, ನುಚ್ಚು ಎರಚಿದ ಹಾಗೆ ಗ್ರೇನ್. ಕೆಳಗೆ ಸಾಲು ಸಾಲು ಕಾಮೆಂಟು: “ಎಂಥಾ ವಿಂಟೇಜ್ ಫೀಲ್ ಗುರೂ!” “ಡಿಜಿಟಲ್‌ನಲ್ಲಿ ಈ ಆತ್ಮ ಎಲ್ಲಿಂದ ಬರ್ಬೇಕು?”

ಆತ್ಮ ಅಲ್ಲ ಸ್ವಾಮಿ, ಏರ್‌ಪೋರ್ಟಿನ ಸ್ಕ್ಯಾನರ್ ಅದು.

ಅಷ್ಟು ಖಂಡಿತವಾಗಿ ಹೇಗೆ ಹೇಳ್ತೀಯ ಅಂತ ಕೇಳೋರಿಗೆ: ಪುಣ್ಯಾತ್ಮ ನೆಗೆಟಿವ್ ಪಟ್ಟಿಯನ್ನೂ ಲೈಟ್ ಟೇಬಲ್ ಮೇಲಿಟ್ಟು ಫೋಟೋ ತೆಗೆದು ಹಾಕಿದ್ದಾನೆ. ನೆಗೆಟಿವ್ ಓದೋಕೆ ಶುರು ಮಾಡ್ಬೇಕಾದ್ದು ಚಿತ್ರದಿಂದಲ್ಲ, ಎರಡು ಫ್ರೇಮಿನ ನಡುವಿನ ಖಾಲಿ ಜಾಗದಿಂದ. ಅಲ್ಲಿಗೆ ಲೆನ್ಸಿನ ಬೆಳಕು ಬೀಳೋದೇ ಇಲ್ಲ. ಕಲರ್ ನೆಗೆಟಿವ್ ಆದ್ರೆ ಆ ಜಾಗ ತಿಳಿ ಕಿತ್ತಳೆ, ಬ್ಲ್ಯಾಕ್ ಅಂಡ್ ವೈಟ್ ಆದ್ರೆ ಹೆಚ್ಚುಕಮ್ಮಿ ಪಾರದರ್ಶಕ; ಪ್ರಿಂಟಲ್ಲಿ ಕಪ್ಪಾಗೋದು ಅದೇ. ಅಲ್ಲಿ ಕೊಳಕು ಕಂದು ಕೂತಿದ್ರೆ ಫಿಲ್ಮಿಗೆ ಕ್ಯಾಮೆರಾದ ಹೊರಗಿನ ಏನೋ ಬಡಿದಿದೆ ಅಂತ ಅರ್ಥ. ರೋಲಿನ ಉದ್ದಕ್ಕೂ ಅಲೆ ಥರ ಬಂದಿದ್ರೆ ಎಕ್ಸ್‌ರೇ, ಯಾಕಂದ್ರೆ ಸುರುಳಿ ಸುತ್ತಿಟ್ಟ ಫಿಲ್ಮಿನ ಎಲ್ಲ ಸುತ್ತುಗಳನ್ನೂ ಅದು ಒಟ್ಟಿಗೇ ತೂರಿಹೋಗುತ್ತೆ. ಒಂದೇ ಅಂಚಿನಿಂದ ಶುರುವಾಗಿ ಪ್ರಿಂಟಲ್ಲಿ ಕೆಂಪು ಕಿತ್ತಳೆ ಬೆಂಕಿ ಥರ ಕಂಡ್ರೆ ಅದು ಕ್ಯಾಮೆರಾ ಬಾಗಿಲಿನ ಫೋಮ್ ಕೊಳೆತು ಬೆಳಕು ನುಗ್ಗಿದ್ದು. ನಡುವಿನ ಜಾಗ ಸ್ವಚ್ಛ ಇದ್ದು ಚಿತ್ರ ಮಾತ್ರ ತೆಳ್ಳಗಿದ್ರೆ ಫಿಲ್ಮಿಗೆ ಬಿದ್ದ ಬೆಳಕು, ಅಂದ್ರೆ ಎಕ್ಸ್‌ಪೋಶರ್ ಕಮ್ಮಿ. ಮೂರೂ ಬೇರೆ ಬೇರೆ ಕಾಯಿಲೆ, ಮದ್ದೂ ಬೇರೆ ಬೇರೆ. ಈಗೀಗ ಮೂರಕ್ಕೂ ಒಂದೇ ಹೆಸರು: ವಿಂಟೇಜ್.

ಹಳೇ ಬೆಲ್ಟ್ ಎಕ್ಸ್‌ರೇ ಯಂತ್ರ ಇಷ್ಟು ಕೆಟ್ಟದಲ್ಲ. ಐಎಸ್‌ಒ 400ರ (ನಂಬರ್ ಹೆಚ್ಚಾದಷ್ಟೂ ಫಿಲ್ಮ್ ಬೆಳಕಿಗೆ ಸೂಕ್ಷ್ಮ) ರೋಲು ನಾಲ್ಕೈದು ಸಲ ಹೋಗಿಬಂದ್ರೂ ತಡಕೊಳ್ಳುತ್ತೆ, ಆದ್ರೆ ಪ್ರತಿ ಸಲದ್ದೂ ಲೆಕ್ಕಕ್ಕೆ ಸೇರ್ತಾ ಹೋಗುತ್ತೆ. ಈಗ ಬರ್ತಿರೋ ಸಿಟಿ ಸ್ಕ್ಯಾನರ್ ಕಥೆಯೇ ಬೇರೆ. ಬ್ಯಾಗಿನ ಸುತ್ತ ಗಿರ್ರನೆ ತಿರುಗಿ ಎಲ್ಲ ಕಡೆಯಿಂದಲೂ ಚಿತ್ರ ತೆಗೆಯುತ್ತೆ, ಹಾಗಾಗಿ ಡೋಸ್ ಎಷ್ಟೋ ಪಟ್ಟು ಹೆಚ್ಚು. ಒಂದೇ ಸಲ ಸಾಕು ಫಾಗ್ ಆಗೋಕೆ, ಅಂದ್ರೆ ಫಿಲ್ಮಿನ ಮೇಲೆಲ್ಲ ಮಬ್ಬು ಕೂರೋಕೆ. ಕೊಡಾಕ್, ಇಲ್‌ಫರ್ಡ್ ಎರಡೂ ಕಂಪನಿ ಇದನ್ನ ಬಾಯಿಬಿಟ್ಟು ಹೇಳಿವೆ, ಕೇಳೋರಿಲ್ಲ. ಗುರುತು ಹಿಡಿಯೋದು ಸುಲಭ. ಯಂತ್ರ ಡುಬ್ಬಣ್ಣನ ಹಾಗೆ ದಪ್ಪ ಇರುತ್ತೆ, ಸ್ಕ್ರೀನಿನಲ್ಲಿ ಬ್ಯಾಗಿನ ಚಿತ್ರವನ್ನ ಹಿಂದೆ ಮುಂದೆ ತಿರುಗಿಸಿ ನೋಡ್ತಿರ್ತಾರೆ. ಸಿಬ್ಬಂದಿ “ಲ್ಯಾಪ್‌ಟಾಪ್ ಹೊರಗೆ ತೆಗೀಬೇಡಿ, ಹಾಗೇ ಇಡಿ” ಅಂದ್ರೆ ಎಲ್ಲರೂ ಖುಷಿಪಡ್ತಾರೆ, ಫಿಲ್ಮ್ ಇಟ್ಕೊಂಡಿರೋರು ಎದೆ ಹಿಡ್ಕೋಬೇಕು.

ಮಾಡ್ಬೇಕಾದ್ದು ಇಷ್ಟೇ. ರೋಲುಗಳನ್ನ ರಟ್ಟಿನ ಪೆಟ್ಟಿಗೆಯಿಂದ ತೆಗೆದು ಪಾರದರ್ಶಕ ಜಿಪ್ ಕವರಿಗೆ ಹಾಕಿ. ಐಎಸ್‌ಒ 3200ರ ರೋಲೊಂದಿದ್ರೆ ಎಲ್ಲಕ್ಕಿಂತ ಮೇಲೆ, ನಂಬರ್ ಕಾಣೋ ಹಾಗೆ ಇಡಿ, ಮಾತಾಡೋ ಕೆಲಸ ಅದೇ ಮಾಡುತ್ತೆ. ಬೆಲ್ಟಿಗೆ ಬ್ಯಾಗ್ ಇಡೋ ಮೊದಲೇ ಕೈಲಿ ಹಿಡಿದು “ಹ್ಯಾಂಡ್ ಚೆಕ್ ಪ್ಲೀಸ್” (ಯಂತ್ರಕ್ಕೆ ಹಾಕದೆ ಕೈಯಲ್ಲೇ ನೋಡಿ) ಅನ್ನಿ, ಇಟ್ಟ ಮೇಲಲ್ಲ. ಅಮೆರಿಕದಲ್ಲಿ ಕೇಳಿದ್ರೆ ಮಾಡಿಕೊಡ್ತಾರೆ, ಜಪಾನ್‌ನಲ್ಲಿ ಸಾಮಾನ್ಯವಾಗಿ ತಲೆಬಾಗಿಸಿಯೇ ಮಾಡಿಕೊಡ್ತಾರೆ, ಬ್ರಿಟನ್, ಯುರೋಪಲ್ಲಿ ಅವತ್ತಿನ ಆಫೀಸರ್ ಮರ್ಜಿ. ಕ್ಯಾಮೆರಾದೊಳಗೆ ಅರ್ಧ ಓಡಿದ ರೋಲ್ ಇಟ್ಕೊಂಡು ಹೋಗ್ಬೇಡಿ, ಅದನ್ನ ಬಿಚ್ಚಿ ತೋರಿಸೋಕಾಗಲ್ಲ. ಸೀಸದ ಚೀಲಕ್ಕೆ ದುಡ್ಡು ಸುರೀಬೇಡಿ. ಒಳಗೇನಿದೆ ಅಂತ ಕಾಣ್ದೇ ಇದ್ರೆ ಚೀಲ ಬಿಚ್ಚಿಸಿ ಇನ್ನೊಂದು ಸಲ ಓಡಿಸ್ತಾರೆ. ಇನ್ನು ಚೆಕ್-ಇನ್ ಲಗೇಜಿಗೆ ಫಿಲ್ಮ್ ಹಾಕೋರ ಬಗ್ಗೆ (ಅಲ್ಲಿನ ಎಕ್ಸ್‌ರೇ ಇನ್ನೂ ಜೋರು) ನಾನೇನೂ ಹೇಳಲ್ಲ, ಬಿಪಿ ಮಾತ್ರೆ ಇನ್ನೂ ನುಂಗಿಲ್ಲ.

ಇಸ್ತಾಂಬುಲ್‌ನಲ್ಲಿ ಸ್ಕ್ಯಾನ್‌ಗಳ ಲೆಕ್ಕ ಬೇಗ ಏರುತ್ತೆ. ಬೆಂಗಳೂರಿನಲ್ಲಿ ಒಂದು, ಗಲ್ಫಿನಲ್ಲಿ ವಿಮಾನ ಬದಲಿಸಿದ್ರೆ ಇನ್ನೊಂದು. ವಾಪಸ್ ಬರೋವಾಗ ಅಲ್ಲಿ ಟರ್ಮಿನಲ್ ಬಾಗಿಲಲ್ಲೇ ಒಂದು, ಒಳಗೆ ಮತ್ತೊಂದು. ಅಯಾಸೋಫ್ಯಾ ಮಸೀದಿ, ತೊಪ್‌ಕಾಪಿ ಅರಮನೆ, ಮಾಲ್ ಎಲ್ಲದರ ಬಾಗಿಲಲ್ಲೂ ಬ್ಯಾಗು ಬೆಲ್ಟಿನ ಮೇಲೆ. ಊರೊಳಗೆ ಓಡಾಡುವಾಗ ರೋಲು ಬ್ಯಾಗಲ್ಲಿ ಬೇಡ, ಜೇಬಲ್ಲಿರಲಿ. ನಾವು ನಡೆದುಹೋಗೋ ಲೋಹದ ಚೌಕಟ್ಟು ಫಿಲ್ಮಿಗೆ ಏನೂ ಮಾಡಲ್ಲ, ಕೂಗುತ್ತೆ ಅಷ್ಟೆ. ಎಲ್ಲಕ್ಕಿಂತ ಒಳ್ಳೇ ಉಪಾಯ: ಅಲ್ಲೇ ಡೆವಲಪ್ ಮಾಡಿಸಿಬಿಡಿ. ಕಲರ್ ನೆಗೆಟಿವ್‌ನ ಡೆವಲಪಿಂಗ್ ವಿಧಾನ ಸಿ-41 ಎಲ್ಲ ಊರಲ್ಲೂ ಒಂದೇ, 38 ಡಿಗ್ರಿ, ಡೆವಲಪರ್‌ನಲ್ಲಿ 3 ನಿಮಿಷ 15 ಸೆಕೆಂಡ್. ಗಲಾಟಾ ಸೇತುವೆಯಿಂದ ನಡೆದು ಹೋಗೋ ದೂರದಲ್ಲಿರೋ ಸಿರ್ಕೆಜಿಯಲ್ಲಿ ಹಳೇ ಕ್ಯಾಮೆರಾ ಅಂಗಡಿಗಳಿವೆ, ಲ್ಯಾಬ್ ಎಲ್ಲಿ ಅಂತ ಅಲ್ಲೇ ವಿಚಾರಿಸ್ಬಹುದು. ಡೆವಲಪ್ ಆದ ನೆಗೆಟಿವ್‌ಗೆ ಯಾವ ಸ್ಕ್ಯಾನರ್ ಬಂದ್ರೂ ಕೂದಲು ಕೊಂಕಲ್ಲ.

“ಆಕಸ್ಮಿಕಗಳೇ ಫಿಲ್ಮಿನ ಸೌಂದರ್ಯ ಅಲ್ವಾ ಸಾರ್?” ಬಂತು ನೋಡಿ. ಕೈಗೆ ಸಿಗೋ ಹೆಸರು ಜಪಾನಿನ ಫೋಟೋಗ್ರಾಫರ್ ದಾಯಿದೊ ಮೊರಿಯಾಮಾ. ಹೌದಪ್ಪ, 1960ರ ದಶಕದ ಕೊನೇಲಿ ಅವರೂ ಅವರ ಜೊತೆಯವರೂ ಒರಟು, ಅಲುಗಾಟ, ಮಸುಕು ಮೂರನ್ನೂ ಬೇಕಂತಲೇ ಹಿಡಿದ್ರು. ಬೇಕಂತಲೇ! ಅವರ ಕಪ್ಪು ನೋಡಿ, ಇದ್ದಿಲಿನ ಹಾಗಿದೆ. ಫಾಗ್ ಮೊದಲು ತಿನ್ನೋದೇ ಆ ಕಪ್ಪನ್ನ. ಸಾರಲ್ಲಿ ಉಪ್ಪು ಜಾಸ್ತಿ ಆದದ್ದಕ್ಕೂ ಉಪ್ಪಿನಕಾಯಿ ಹಾಕೋದಕ್ಕೂ ವ್ಯತ್ಯಾಸ ಇಲ್ವೇನ್ರೀ? ಇನ್ನು ಇಸ್ತಾಂಬುಲ್‌ನದೇ ಫೋಟೋಗ್ರಾಫರ್ ಅರಾ ಗ್ಯುಲೆರ್ (1928–2018) 1950ರ ದಶಕದಲ್ಲಿ ತೆಗೆದ ಬೆಸ್ತರು, ದೋಣಿ, ಮಂಜು, ಟ್ರಾಮ್ ನೋಡಿ. ನಿಜವಾದ ‘ವಿಂಟೇಜ್’ ಅದು. ಒಂದು ಪಟ್ಟೆ ತೋರಿಸಿ ನೋಡೋಣ.

(ಒಪ್ಕೋತೀನಿ, ಬೇರೆಯವರ ಒಂದೆರಡು ಲೈಟ್ ಲೀಕ್ (ಬೆಳಕು ನುಗ್ಗಿದ) ಫೋಟೋ ನೋಡಿ ನನಗೂ ಒಳಗೊಳಗೇ ಖುಷಿ ಆಗಿದೆ. ಹೊರಗೆ ಹೇಳಿಲ್ಲ, ಹೇಳೋದೂ ಇಲ್ಲ.)

ಎಕ್ಸ್‌ಪೋಶರ್ ವಿಷಯಕ್ಕೂ ಇದೇ ಜಗಳ. ಸೇತುವೆ ಮೇಲಂತಸ್ತಿನಲ್ಲಿ ಮಧ್ಯಾಹ್ನದ ಬಿಸಿಲಿಗೆ 400ರ ಫಿಲ್ಮ್ ಅಂದ್ರೆ ಶಟರ್ 1/500 ಸೆಕೆಂಡ್, ಲೆನ್ಸಿನ ಕಿಂಡಿ ಎಫ್/16 (ನಂಬರ್ ಕಮ್ಮಿಯಾದಷ್ಟೂ ಕಿಂಡಿ ದೊಡ್ಡದು). ಕಲರ್ ನೆಗೆಟಿವ್ ಆದ್ರೆ ಒಂದು ಸ್ಟಾಪ್ ಜಾಸ್ತಿ, ಅಂದ್ರೆ ಎರಡರಷ್ಟು ಬೆಳಕು ಕೊಟ್ಟು ಎಫ್/11, ಅದು ಹೆಚ್ಚಾದ್ರೆ ಸಹಿಸುತ್ತೆ, ಕಮ್ಮಿಯಾದ್ರೆ ನೆರಳು ಕೆಸರು. 35 ಎಂಎಂ ಲೆನ್ಸನ್ನ 2.5 ಮೀಟರಿಗೆ ಇಟ್ಟುಬಿಟ್ರೆ ಎಫ್/11ರಲ್ಲಿ ಒಂದೂವರೆ ಮೀಟರಿನಿಂದ ಏಳೂವರೆವರೆಗೂ ಚೊಕ್ಕ, ಫೋಕಸ್ ಮುಟ್ಟೋದೇ ಬೇಡ. ಮೆಟ್ಟಿಲಿಳಿದು ಹೋಟೆಲುಗಳ ಸಾಲಿರೋ ಕೆಳ ಅಂತಸ್ತಿಗೆ ಬಂದ್ರೆ ಬೆಳಕು ಧಡಾರ್ ಅಂತ ಬೀಳುತ್ತೆ, 1/125, ಎಫ್/5.6. ಫೋಕಸ್ ಅದೇ 2.5ರಲ್ಲಿದ್ರೂ ಈಗ ಚೊಕ್ಕ ಇರೋದು ಎರಡರಿಂದ ನಾಲ್ಕು ಮೀಟರಿನ ಒಳಗೆ ಮಾತ್ರ. ಇದನ್ನ ಮರೆತು ಮಸುಕು ಮಾಡ್ಕೊಂಡು ಬಂದು ‘ಡ್ರೀಮಿ’ ಅಂತ ಬರೀತಾರೆ.

ಹೊಸ ರೋಲ್ ಹಾಕಿದಾಗ ಅಡ್ವಾನ್ಸ್ ಲಿವರ್ ಎಳೆದ್ರೆ ಎಡಗಡೆ ರಿವೈಂಡ್ ಗುಬಟು ತಿರುಗ್ಬೇಕು. ತಿರುಗದಿದ್ರೆ ಫಿಲ್ಮ್ ಕಚ್ಚಿಕೊಂಡಿಲ್ಲ, 36 ದಾಟಿ 39 ಆದ್ರೂ ಕೌಂಟರ್ ಓಡ್ತಾನೇ ಇರುತ್ತೆ, ಬರೋದು ಖಾಲಿ ಪಟ್ಟಿ. ಮುಗಿದ ರೋಲಿನ ನಾಲಿಗೆಯನ್ನ (ಹೊರಗೆ ಚಾಚೋ ತುದಿ) ಪೂರ್ತಿ ಒಳಗೆ ಸುತ್ತಿಬಿಡಿ. ಹೊರಗೆ ಬಿಟ್ರೆ ಹೊಸದು ಅಂದ್ಕೊಂಡು ಮತ್ತೆ ಕ್ಯಾಮೆರಾಗೆ ಹಾಕಿ, ತೆಗೆದ ಫೋಟೋ ಮೇಲೇ ಇನ್ನೊಂದು ತೆಗೆದು, ಸಿಮಿತ್ ಗಾಡಿ ಮೇಲೆ ಮಸೀದಿ ಕೂರಿಸ್ತೀರಿ. ಅದಕ್ಕೂ ಲೈಕು ಬರುತ್ತೆ ಬಿಡಿ.

ಗಾಳ ಹಾಕೋರ ಪಕ್ಕ ಹೋಗಿ ಕ್ಯಾಮೆರಾ ಎತ್ತೋ ಮುಂಚೆ “ಕೊಲಾಯ್ ಗೆಲ್ಸಿನ್” ಅನ್ನಿ. ಕೆಲಸದಲ್ಲಿರೋರಿಗೆ, ಸಲೀಸಾಗಲಿ ಅಂತ ಹೇಳೋ ಮಾತು ಅದು. ಅಷ್ಟಕ್ಕೇ ಎಷ್ಟೋ ಮುಖ ಸಡಿಲಾಗುತ್ತೆ. ತಲೆ ಅಲ್ಲಾಡಿಸಿದ್ರೆ ಬಿಟ್ಟುಬಿಡಿ, ಸೇತುವೆ ಉದ್ದಕ್ಕೂ ಗಾಳದವರಿದ್ದಾರೆ.

ಈ ಹುಡುಗ ಅದನ್ನೆಲ್ಲ ಚೆನ್ನಾಗೇ ಮಾಡಿದ್ದಾನೆ, ನನ್ನ ಹೊಟ್ಟೆ ಉರಿಯೋದೇ ಅದಕ್ಕೆ. ಪಟ್ಟಿಯಲ್ಲಿ 17ನೇ ಫ್ರೇಮು: ಮುದುಕ ಬಗ್ಗಿ ಕೊಕ್ಕೆಯಿಂದ ಮೀನು ಬಿಡಿಸ್ತಿದ್ದಾನೆ, ಬೆರಳು ಫೋಕಸ್ಸಲ್ಲಿದೆ, ಹಿಂದೆ ಫೆರ್ರಿ ಸರಿಯಾದ ಜಾಗಕ್ಕೆ ಬಂದಿದೆ, ಅವನ ಕಾಲ ಹತ್ತಿರ ಬಿಳೀ ಬಕೆಟ್. ಬಕೆಟ್ ಒಳಗಿನ ನೆರಳಲ್ಲಿ ಅವತ್ತು ಸಿಕ್ಕಿದ ಮೀನೆಲ್ಲ ಇರ್ಬೇಕಿತ್ತು. ಈಗ ಅಲ್ಲಿರೋದು ಬರೀ ಬೂದಿ.