ಇಂಜಿನ್ ಬಿಚ್ಚುವ ಮೊದಲು ಹೀಟ್ ಮೀಟರಿನ ಮುಳ್ಳನ್ನು ಒಂದು ಸಲ ನೋಡಬಾರದಿತ್ತಾ?

ಒಂದು ವಾರದಿಂದ ಹೊಟ್ಟೆ ಉರೀತಾ ಇದೆ. ಬರೆದು ಹಾಕದೆ ಸಮಾಧಾನ ಆಗುವ ಹಾಗೆ ಕಾಣುವುದಿಲ್ಲ.

ನಮ್ಮದು 1996ರ ಡೀಸೆಲ್ ಜೀಪು. ಅಪ್ಪ ತಂದ ಗಾಡಿ. ತೀರ್ಥಹಳ್ಳಿ ಕಡೆಯ ತೋಟದ ಮನೆ, ಮಳೆಗಾಲದಲ್ಲಿ ಟಾರ್ ರಸ್ತೆ ಮುಟ್ಟಬೇಕಾದರೆ ಇದೇ ಗತಿ. ಹೋದ ವರ್ಷ ಜೂನ್ ತಿಂಗಳಲ್ಲಿ ಅಮ್ಮನನ್ನು ಆಸ್ಪತ್ರೆಗೆ ಕರೆದುಕೊಂಡು ಆಗುಂಬೆ ಘಾಟಿ ಇಳೀತಾ ಇದ್ದೆ. ಬಾನೆಟ್ ತುದಿ ಕಾಣದಷ್ಟು ಮಂಜು. ಬೆಳಗ್ಗೆ ಎಂಟು ಗಂಟೆಗೇ ಹೆಡ್‌ಲೈಟ್ ಹಾಕಿದ್ದೆ. 14 ತಿರುವುಗಳಲ್ಲಿ ನಾಲ್ಕನೆಯದೋ ಐದನೆಯದೋ ದಾಟಿ ನೋಡುತ್ತೇನೆ, ಇಂಜಿನ್ ಶಾಖ ತೋರಿಸುವ ಹೀಟ್ ಮೀಟರಿನ ಮುಳ್ಳು ಕೆಂಪು ಗೆರೆ ಮುಟ್ಟಿದೆ.

ಎದೆ ಝಲ್ಲೆಂದಿತು. ಗಾಡಿ ಪಕ್ಕಕ್ಕೆ ಹಾಕಿ ಮುಕ್ಕಾಲು ಗಂಟೆ ನಿಂತೆವು. 78 ವರ್ಷದ ಅಮ್ಮ, ಹೊರಗೆ ಸುರಿಯುವ ಮಳೆ, ಪಕ್ಕದಲ್ಲೇ ಹಾರ್ನ್ ಹೊಡೆಯುತ್ತಾ ಹೋಗುವ ಬಸ್ಸುಗಳು. ಬೆಳಗಿನ ಮಾತ್ರೆ ತಿನ್ನೋಕೆ ತಿಂಡಿ ಬೇಕು, ತಿಂಡಿ ಸೋಮೇಶ್ವರದಲ್ಲಿ ಅಂದುಕೊಂಡಿದ್ದೆ. ಆ ಮುಕ್ಕಾಲು ಗಂಟೆ ನನಗೆ ಇವತ್ತಿಗೂ ಮರೆತಿಲ್ಲ.

ಆಮೇಲೆ ಗ್ಯಾರೇಜು. ಹೆಸರು ಬೇಡ. "ರೇಡಿಯೇಟರ್ ಕಟ್ಟಿದೆ ಸಾರ್" ಎಂದರು. ಬಿಚ್ಚಿ ಕ್ಲೀನ್ ಮಾಡಿಸಿದೆ. ಮುಂದಿನ ಮಂಜಿನ ದಿನ ಮತ್ತೆ ಮುಳ್ಳು ಮೇಲೆ. "ಥರ್ಮೋಸ್ಟಾಟ್ ವಾಲ್ವ್ ನಮ್ಮ ಕಡೆಗೆ ಬೇಡವೇ ಬೇಡ ಸಾರ್" ಎಂದು, ಇಂಜಿನ್ ಬಿಸಿಯಾಗುವ ತನಕ ನೀರು ರೇಡಿಯೇಟರಿಗೆ ಹೋಗದ ಹಾಗೆ ತಡೆಯುವ ಆ ವಾಲ್ವನ್ನು ಕಿತ್ತೇ ಹಾಕಿದರು. ಮತ್ತೆ ಅದೇ. ವಾಟರ್ ಪಂಪ್ ಹೊಸದು ಹಾಕಿದರು. ಮತ್ತೆ ಅದೇ. ಕೊನೆಗೆ ಹೆಡ್ ಗ್ಯಾಸ್ಕೆಟ್, ಅಂದರೆ ಇಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹಾಳೆ. ಹೆಡ್ ಇಳಿಸಿ, ಅದರ ಮುಖ ಉಜ್ಜಿ ಸಮ ಮಾಡಿಸಿ, ಹನ್ನೊಂದು ದಿನ ಗಾಡಿ ಅಲ್ಲೇ. ಎಲ್ಲ ಸೇರಿ 23,400 ರೂಪಾಯಿ. ಅಡಿಕೆಗೆ ಕೊಳೆರೋಗ ಬಂದ ವರ್ಷ ಅದು.

ನಾನು ಬಾಯಿ ಮುಚ್ಚಿಕೊಂಡು ದುಡ್ಡು ಕೊಟ್ಟೆ ಅಂತಲೂ ಅಲ್ಲ. ಪ್ರತಿ ಸಲ ಹೇಳಿದ್ದೇನೆ. ನೀರು ಒಂದು ಲೋಟವೂ ಕಡಿಮೆ ಆಗಿಲ್ಲ. ರೇಡಿಯೇಟರಿನಲ್ಲಿ ಗುಳ್ಳೆ ಬರುವುದಿಲ್ಲ. ಬಿಳಿ ಹೊಗೆ ಇಲ್ಲ. ಆಯಿಲ್ ಹಾಲು ಬಣ್ಣಕ್ಕೆ ತಿರುಗಿಲ್ಲ. ಗ್ಯಾಸ್ಕೆಟ್ ಹೋಗಿದ್ದರೆ ಇವುಗಳಲ್ಲಿ ಒಂದಾದರೂ ಕಾಣಬೇಕಿತ್ತಲ್ಲ. ಅಷ್ಟಕ್ಕೂ ಘಾಟಿ ಇಳಿಯುವಾಗ ಇಂಜಿನ್‌ಗೆ ಲೋಡೇ ಇರುವುದಿಲ್ಲ, ಇಳಿಜಾರಿನಲ್ಲಿ, ಅಂಥ ಮಳೆಯಲ್ಲಿ, ಹೇಗೆ ಹೀಟ್ ಆಗುತ್ತದೆ ಎಂದು ಕೇಳಿದೆ. "ಮೀಟರ್ ಸುಳ್ಳು ಹೇಳುತ್ತಾ ಸಾರ್?" ಎಂದರು.

ಹೌದು, ಹೇಳುತ್ತದೆ!

ಕಂಡುಹಿಡಿದಿದ್ದು ನನ್ನ ಹೆಂಡತಿ. ಹೋದ ವಾರ ಕತ್ತಲಾದ ಮೇಲೆ ಪೇಟೆಯಿಂದ ಬರುತ್ತಾ ಇದ್ದೆವು. ಲೈಟ್ ಹಾಕಿದೆ. "ರೀ, ಡೀಸೆಲ್ ಯಾವಾಗ ಹಾಕ್ಸಿದ್ರಿ?" ಎಂದಳು. ಹಾಕಿಸಿರಲಿಲ್ಲ. ಕಾಲು ಟ್ಯಾಂಕಿನ ಹತ್ತಿರ ಇದ್ದ ಮುಳ್ಳು ಅರ್ಧಕ್ಕೆ ಬಂದಿತ್ತು. ಓಡುತ್ತಾ ಇರುವ ಗಾಡಿಯಲ್ಲಿ ಡೀಸೆಲ್ ಹೇಗೆ ಜಾಸ್ತಿ ಆಗುತ್ತದೆ? ಲೈಟ್ ಆಫ್ ಮಾಡಿದೆ. ಡೀಸೆಲ್, ಹೀಟ್ ಎರಡೂ ಮುಳ್ಳು ನಿಧಾನಕ್ಕೆ ಇಳಿದವು. ಮತ್ತೆ ಹಾಕಿದೆ. ಎರಡೂ ಒಟ್ಟಿಗೆ ಹತ್ತಿದವು.

ಮಾರನೇ ದಿನ ಬೆಳಗ್ಗೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತೆ. ಒಂದು ಕಡ್ಡಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ಮೀಟರ್ ಬೋರ್ಡಿನ ಅರ್ತ್‌ಗೆ, ಅಂದರೆ ಕರೆಂಟು ಗಾಡಿಯ ಬಾಡಿ ಮೂಲಕ ಬ್ಯಾಟರಿ ಮೈನಸ್ಸಿಗೆ ವಾಪಸ್ ಹೋಗುವ ದಾರಿಗೆ. ಲೈಟ್ ಆಫ್ ಇದ್ದಾಗ ಹೆಚ್ಚುಕಮ್ಮಿ ಸೊನ್ನೆ. ಲೈಟ್ ಹಾಕಿದ ತಕ್ಷಣ 1.9 ವೋಲ್ಟ್. ಅಲ್ಲಿ ಸೊನ್ನೆಯೇ ಇರಬೇಕು. ಮೀಟರ್ ಬೋರ್ಡಿನ ಬಲ್ಬುಗಳು ವಾಪಸ್ ಕಳಿಸುವ ಕರೆಂಟಿಗೆ ದಾರಿ ಸರಿ ಇರಲಿಲ್ಲ. ಮುಳ್ಳುಗಳಿಗೆ ಒಂದೇ ಸಮ ವೋಲ್ಟೇಜ್ ಕೊಡುವ ಪುಟ್ಟ ಸ್ಟೆಬಿಲೈಜರಿಗೂ ಅದೇ ಅರ್ತ್. ಅರ್ತ್ ಮೇಲೆ ಎದ್ದರೆ ಅದು ಕೊಡುವ ವೋಲ್ಟೇಜೂ ಮೇಲೆ ಹೋಗುತ್ತದೆ, ಎರಡೂ ಮುಳ್ಳು ಏರುತ್ತವೆ. ಇಂಜಿನ್ ತನ್ನ ಪಾಡಿಗೆ ತಾನು ತಣ್ಣಗೇ ಇತ್ತು.

ಡ್ಯಾಶ್‌ಬೋರ್ಡ್ ಹಿಂದೆ ಕೈ ಹಾಕಿ ಅರ್ತ್ ವೈರಿನ ಬೋಲ್ಟ್ ಬಿಚ್ಚಿದೆ. ಉಂಗುರದ ತುದಿ ಪಾಚಿ ಹಿಡಿದ ಹಾಗೆ ಹಸಿರಾಗಿತ್ತು, ಕೆಳಗಿನ ತಗಡಿನಲ್ಲಿ ತುಕ್ಕು. ಉಪ್ಪುಕಾಗದದಲ್ಲಿ ತಿಕ್ಕಿ ಹೊಳೆಯುವ ಹಾಗೆ ಮಾಡಿ ಬಿಗಿ ಮಾಡಿದೆ. ಲೈಟ್ ಹಾಕಿದೆ. ಮುಳ್ಳು ಕದಲಲಿಲ್ಲ. ಖುಷಿ ಆಗಲಿಲ್ಲ, ಅಳು ಬಂತು. ಅಮ್ಮನನ್ನು ಆ ಮಳೆಯಲ್ಲಿ ಕೂರಿಸಿದ್ದು ಇದಕ್ಕಾ?

ಗ್ಯಾರೇಜಿನವರು ನಾಲ್ಕು ಸಲವೂ ಮಧ್ಯಾಹ್ನದ ಬಿಸಿಲಲ್ಲಿ, ಲೈಟ್ ಹಾಕದೆ ಒಂದು ರೌಂಡ್ ಹೊಡೆದು "ಸರಿ ಆಯ್ತು ಸಾರ್" ಎಂದಿದ್ದಾರೆ. ಮೀಟರ್ ಪರೀಕ್ಷೆ ಮಾಡುವುದು ಸುಲಭ. ಇಂಜಿನ್ನಿನಲ್ಲಿ ಕೂತು ನೀರಿನ ಶಾಖವನ್ನು ಮೀಟರಿಗೆ ತಿಳಿಸುವ ಸೆನ್ಸರಿನ ವೈರ್ ಕಿತ್ತರೆ ಮುಳ್ಳು ಪೂರ್ತಿ ಕೆಳಗೆ ಬೀಳಬೇಕು. ಆ ವೈರನ್ನು ಒಂದು ಕ್ಷಣ ಅರ್ತ್‌ಗೆ ಮುಟ್ಟಿಸಿದರೆ ಪೂರ್ತಿ ಮೇಲೆ ಹೋಗಬೇಕು. ಶಾಖ ಅಳೆಯುವ ಗನ್ ಅವರ ಟೇಬಲ್ ಮೇಲೇ ಬಿದ್ದಿತ್ತು, ನಾನೇ ಕಂಡಿದ್ದೇನೆ. ಲೈಟ್ ಹಾಕಿ ಮುಳ್ಳು ಮೇಲೆ ಇರುವಾಗ ಥರ್ಮೋಸ್ಟಾಟ್ ಕೂರುವ ಜಾಗಕ್ಕೆ ಅದನ್ನು ಹಿಡಿದಿದ್ದರೆ 80, 90 ಡಿಗ್ರಿ, ಮಾಮೂಲು ಶಾಖವೇ ಎಂದು ಅಲ್ಲೇ ಗೊತ್ತಾಗುತ್ತಿತ್ತು. ಹತ್ತು ನಿಮಿಷದ ಕೆಲಸ. ಅದನ್ನು ಬಿಟ್ಟು ಹೆಡ್ ಬಿಚ್ಚುತ್ತಾರಲ್ಲ, ಆ ಧೈರ್ಯ ಎಲ್ಲಿಂದ ಬರುತ್ತದೆ?

ಇಂಜಿನ್ ಕಾದಿದ್ದರೂ ತಣ್ಣಗಿದೆ ಎಂದು ತೋರಿಸುವ ಸುಳ್ಳೂ ಇರುತ್ತದೆ, ಅದು ಇನ್ನೂ ಅಪಾಯ. ನಮ್ಮ ಭಾವನ ಪಿಕಪ್ಪಿಗೆ ಯಾರೋ ಸೆನ್ಸರಿನ ತಿರುಪಿನ ಸುತ್ತುಗಳಿಗೆ ಬಿಳಿ ಟೇಪ್ ದಪ್ಪಕ್ಕೆ ಸುತ್ತಿ ಕೂರಿಸಿದ್ದರು. ಆ ಸೆನ್ಸರಿಗೆ ಅರ್ತ್ ಸಿಗುವುದೇ ಆ ತಿರುಪಿನಿಂದ. ಮುಳ್ಳು ಏಳಲೇ ಇಲ್ಲ, ಇಂಜಿನ್ ಹೋಗಿಯೇ ಹೋಯಿತು. ನೀರು ಪೂರ್ತಿ ಖಾಲಿಯಾಗಿ ಸೆನ್ಸರ್ ಬರೀ ಹಬೆಯಲ್ಲಿ ನಿಂತರೂ ಮುಳ್ಳು ಕೆಳಗೇ ತೋರಿಸಬಹುದು. ಹಾಗಾಗಿ ಮುಳ್ಳು ಬೀಳುತ್ತಿದೆ ಎಂದು ಸಮಾಧಾನ ಪಡಬೇಡಿ, ಇಂಜಿನ್ ತಣ್ಣಗಾದ ಮೇಲೆ ಮುಚ್ಚಳ ತೆಗೆದು ನೀರು ನೋಡಿ.

ಈಗ ನನ್ನ ಮೀಟರ್ ನಿಜ ಹೇಳುತ್ತಾ ಇದೆ. ಬೆಳಗಿನ ಚಳಿಯಲ್ಲಿ ಆರು ಕಿಲೋಮೀಟರ್ ಓಡಿದರೂ ಮುಳ್ಳು ತಳ ಬಿಟ್ಟು ಏಳುವುದಿಲ್ಲ. ಥರ್ಮೋಸ್ಟಾಟ್ ಇಲ್ಲವಲ್ಲ, ಇಂಜಿನ್ ಬಿಸಿಯೇ ಆಗುತ್ತಿಲ್ಲ. ಹೊಗೆ ಜಾಸ್ತಿ, ಡೀಸೆಲ್ಲೂ ಜಾಸ್ತಿ ಕುಡೀತಾ ಇದೆ. ನಿನ್ನೆ ಗ್ಯಾರೇಜಿಗೆ ಹೋಗಿ, ನನ್ನ ಗಾಡಿಯಿಂದ ಕಿತ್ತ ವಾಲ್ವ್ ವಾಪಸ್ ಕೊಡಿ ಎಂದು ಕೇಳಿದೆ.

"ಅದು ಆಗಲೇ ಗುಜರಿಗೆ ಹೋಯ್ತು ಸಾರ್. ಹೊಸದು ತರಿಸ್ಲಾ?"